ತತ್ತಿ, ಕೋಳಿ ಮತ್ತು ಆದಿಯ ಪ್ರಶ್ನೆ

ಕೋಳಿ ಮೊದಲೋ ತತ್ತಿ ಮೊದಲೋ ಎಂಬ ಪ್ರಶ್ನೆಯು ಮಕ್ಕಳ ಒಗಟಿನಂತೆ ಕೇಳಿಸಿದರೂ ಅದರ ಒಡಲಲ್ಲಿ ಮೂರು ಬೇರೆ ಬೇರೆ ಪ್ರಶ್ನೆಗಳು ಹೆಣೆದುಕೊಂಡಿವೆ: ಕಾರಣಕ್ಕೂ ಕಾರ್ಯಕ್ಕೂ ಇರುವ ಸಂಬಂಧವೇನು, ಒಂದು ಜೀವಿಕುಲಕ್ಕೆ ಆರಂಭವೆಂಬುದು ಇದೆಯೇ, ಇದ್ದರೆ ಅದನ್ನು ಯಾರು ಯಾವ ಗುರುತಿನಿಂದ ಕಂಡುಕೊಳ್ಳಬೇಕು. ಬೆಳಗಾವಿ ಸೀಮೆಯಲ್ಲಿ ಮೊಟ್ಟೆಗೆ ತತ್ತಿಯೆಂದೂ ಅಂಗಳದಲ್ಲಿ ಕೆದಕಿ ಮೇಯ್ದು ಬೆಳೆಯುವ ನಾಟಿ ಕೋಳಿಗೆ ಜವಾರಿ ಕೋಳಿಯೆಂದೂ ಹೇಳುವುದು ರೂಢಿಯಾದ್ದರಿಂದ ಇಲ್ಲಿಯೂ ಅದೇ ಬಳಕೆಯನ್ನು ಉಳಿಸಿಕೊಳ್ಳಲಾಗಿದೆ. ಪ್ರಶ್ನೆಯನ್ನು ಇಬ್ಬರ ಸಂವಾದವಾಗಿ ನಿರೂಪಿಸಲಾಗಿದ್ದು, ಒಬ್ಬರು ಹಿಂಡಲಗಾದಲ್ಲಿ ನೆಲೆಸಿರುವ ದರ್ಶನಶಾಸ್ತ್ರದ ನಿವೃತ್ತ ಅಧ್ಯಾಪಕರು, ಇನ್ನೊಬ್ಬರು ಖಾನಾಪುರ ತಾಲೂಕಿನ ಹಳ್ಳಿಗಳಲ್ಲಿ ಕೆಲಸ ಮಾಡುವ ಪಶುವೈದ್ಯೆ.

ಬೆಳಗಾವಿಯಿಂದ ವೆಂಗುರ್ಲಾ ಕಡೆಗೆ ಹೋಗುವ ರಸ್ತೆಯಲ್ಲಿ, ನಗರದ ಕಟ್ಟಡಗಳು ವಿರಳವಾಗುತ್ತ ಬರುವಲ್ಲಿ ಸಿಗುವ ಹಿಂಡಲಗಾ ಹೊರಗಿನವರಿಗೆ ಹೆಚ್ಚಾಗಿ ತನ್ನ ಕೇಂದ್ರ ಕಾರಾಗೃಹದಿಂದಲೇ ಗೊತ್ತು. ಆದರೆ ಈ ವಿಚಾರಕ್ಕೆ ಅದಕ್ಕಿಂತ ಹೊಂದುವ ಊರು ಸಿಗುವುದು ಕಷ್ಟ. ಅದರ ಒಂದು ಮಗ್ಗುಲಲ್ಲಿ, ಬೆಳಗಾವಿಯ ಕೋಟೆಯೊಳಗೆ, ಕಾಲಕ್ಕೆ ಆದಿಯಿಲ್ಲವೆಂದು ನಂಬಿದ ಜೈನರ ಬಸದಿಯಿದೆ. ಇನ್ನೊಂದು ಮಗ್ಗುಲಲ್ಲಿ, ಖಾನಾಪುರದ ಕಾಡುಗಳಲ್ಲಿ, ಸಾಕುಕೋಳಿಯ ರಕ್ತದಲ್ಲಿ ಪಾಲುಳ್ಳ ಕಾಡುಕೋಳಿ ಇಂದಿಗೂ ಮೇಯುತ್ತಿದೆ.

ಅಧ್ಯಾಪಕರು: ಮೊದಲು ಪ್ರಶ್ನೆಯ ಕಟ್ಟನ್ನು ನೋಡೋಣ, ತಂಗಿ. ತತ್ತಿಯಿಲ್ಲದೆ ಕೋಳಿಯಿಲ್ಲ, ಕೋಳಿಯಿಲ್ಲದೆ ತತ್ತಿಯಿಲ್ಲ ಎಂದಾಗ ಕೇಳಿದವರಿಗೆ ತಟ್ಟನೆ ಹೊಳೆಯುವುದು ನೈಯಾಯಿಕರು ಹೇಳುವ ಅನ್ಯೋನ್ಯಾಶ್ರಯ ದೋಷ. ಎರಡು ವಸ್ತುಗಳು ಒಂದನ್ನೊಂದು ಆಧಾರವಾಗಿ ಹಿಡಿದುಕೊಂಡು, ಎರಡಕ್ಕೂ ಬೇರೆ ನೆಲೆಯೇ ಇಲ್ಲದಂತಾಗುವುದು ಅನ್ಯೋನ್ಯಾಶ್ರಯ. ಆದರೆ ಇಲ್ಲಿ ಆ ದೋಷವಿಲ್ಲ. ಈ ತತ್ತಿಯಿಂದ ಬರುವ ಕೋಳಿ ಇದೇ ತತ್ತಿಯನ್ನು ಇಟ್ಟ ಕೋಳಿಯಲ್ಲ. ಅದು ಬೇರೆ, ಇದು ಬೇರೆ. ಬಿಡಿಬಿಡಿಯಾಗಿ ನೋಡಿದರೆ ತಾಯಿ ಯಾವಾಗಲೂ ತತ್ತಿಗಿಂತ ಮೊದಲು, ತತ್ತಿ ಯಾವಾಗಲೂ ತನ್ನಿಂದ ಹೊರಬರುವ ಮರಿಗಿಂತ ಮೊದಲು. ವರ್ತುಲದಂತೆ ಕಾಣುವುದು ವಾಸ್ತವದಲ್ಲಿ ಹಿಂದೆ ಹಿಂದೆ ಹೋಗುವ ಒಂದು ಸಾಲು. ಆದ್ದರಿಂದ ಇರಬಹುದಾದ ದೋಷ ಅನವಸ್ಥೆ, ಅಂದರೆ ಎಲ್ಲಿಯೂ ನಿಲ್ಲದೆ ಹಿಂದಕ್ಕೆ ಸರಿಯುತ್ತಲೇ ಹೋಗುವುದು.

ವೈದ್ಯೆ: ಹಿಂದಕ್ಕೆ ಸರಿಯುವುದೇ ದೋಷವೇ, ಗುರುಗಳೇ?

ಅಧ್ಯಾಪಕರು: ಎಲ್ಲ ಅನವಸ್ಥೆಯೂ ದೋಷವಲ್ಲ. ಹೇಳಬೇಕೆಂದಿರುವ ಮಾತಿನ ಬುಡವನ್ನೇ ಅದು ಕೆಡಿಸಿದರೆ ದೋಷ. ಪ್ರಮಾಣದಿಂದ ಸಿದ್ಧವಾಗಿದ್ದು ಬುಡಕ್ಕೆ ಧಕ್ಕೆ ತಾರದಿದ್ದರೆ ದೋಷವಲ್ಲ ಎಂದು ಶಾಸ್ತ್ರಕಾರರು ವಿಂಗಡಿಸಿದ್ದಾರೆ. ಬೀಜದಿಂದ ಮೊಳಕೆ, ಮೊಳಕೆ ಬೆಳೆದು ಗಿಡವಾಗಿ ಮತ್ತೆ ಬೀಜ ಎಂಬ ಬೀಜಾಂಕುರ ನ್ಯಾಯವನ್ನು ನಿರ್ದೋಷವಾದ ಅನವಸ್ಥೆಗೆ ಉದಾಹರಣೆಯಾಗಿ ಕೊಡುವುದು ವಾಡಿಕೆ. ಶಂಕರಾಚಾರ್ಯರು ಬ್ರಹ್ಮಸೂತ್ರಭಾಷ್ಯದ ಎರಡನೆಯ ಅಧ್ಯಾಯದಲ್ಲಿ, ಕರ್ಮದಿಂದ ಶರೀರವೂ ಶರೀರದಿಂದ ಕರ್ಮವೂ ಬರುವುದಾದರೆ ಯಾವುದು ಮೊದಲು ಎಂಬ ಆಕ್ಷೇಪಕ್ಕೆ, ಸಂಸಾರವು ಅನಾದಿಯಾದ್ದರಿಂದ ಬೀಜಾಂಕುರಗಳಂತೆ ದೋಷವಿಲ್ಲವೆಂದು ಉತ್ತರಿಸುತ್ತಾರೆ. ಅದೇ ಪರಂಪರೆಯ ಗೌಡಪಾದರಾದರೋ ಮಾಂಡೂಕ್ಯಕಾರಿಕೆಯ ನಾಲ್ಕನೆಯ ಪ್ರಕರಣದಲ್ಲಿ ಈ ದೃಷ್ಟಾಂತವನ್ನೇ ಒಪ್ಪುವುದಿಲ್ಲ. ಯಾವುದನ್ನು ಸಾಧಿಸಬೇಕಾಗಿದೆಯೋ ಅದನ್ನೇ ಸಾಕ್ಷಿಯಾಗಿ ತಂದು ನಿಲ್ಲಿಸಿದಂತಾಗುತ್ತದೆ ಎಂಬುದು ಅವರ ಆಕ್ಷೇಪ. ಅದಕ್ಕೆ ಬರೆದ ಭಾಷ್ಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪ್ರತಿಯೊಂದು ಬೀಜಕ್ಕೂ ಪ್ರತಿಯೊಂದು ಮೊಳಕೆಗೂ ಆದಿಯಿರುವಾಗ, ಅವುಗಳನ್ನು ಬಿಟ್ಟು ಸಾಲು ಎಂಬ ಪ್ರತ್ಯೇಕ ವಸ್ತುವಿಲ್ಲದಿರುವಾಗ, ಯಾವುದನ್ನು ಅನಾದಿ ಎನ್ನುವುದು ಎಂದು ಕೇಳುತ್ತದೆ. ಈ ಪ್ರಶ್ನೆಯ ಮುಂದೆ ಸುಲಭದ ಉತ್ತರಗಳೆಲ್ಲ ನಿಂತುಬಿಡುತ್ತವೆ.

ಇಲ್ಲಿ ಅಧ್ಯಾಪಕರು ಪಶ್ಚಿಮದ ಚಿಂತಕರನ್ನೂ ನೆನೆದರು. ಬಲಿತ ರೂಪವೇ ಸಾಧ್ಯತೆಗಿಂತ ಹಿಂದಿನದು, ಬೀಜಕ್ಕಿಂತ ಬೀಜವನ್ನು ಕೊಟ್ಟ ಪೂರ್ಣಜೀವಿಯೇ ಮೊದಲು ಎಂಬುದು ಅರಿಸ್ಟಾಟಲ್‌ನ ನಿಲುವು. ಗ್ರೀಕ್ ಲೇಖಕ ಪ್ಲುಟಾರ್ಕ್ ತನ್ನ ಭೋಜನಗೋಷ್ಠಿಯ ಗ್ರಂಥದಲ್ಲಿ ಇದೇ ಕೋಳಿ-ತತ್ತಿಯ ಪ್ರಶ್ನೆಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟು ಎರಡೂ ಪಕ್ಷಗಳಿಂದ ವಾದ ಮಾಡಿಸಿದ್ದಾನೆ. ಆದರೆ ಕೋಳಿಯ ಹೆಸರೆತ್ತಿಯೇ ಕೇಳಿದ ಪ್ರಶ್ನೆ ಭಾರತದಲ್ಲಿಯೂ ಇದೆಯೆಂದೂ, ಅದು ಜೈನ ಆಗಮದೊಳಗೆ ಕುಳಿತಿದೆಯೆಂದೂ ಅವರು ಹೇಳಿದಾಗ ವೈದ್ಯೆಗೆ ಕುತೂಹಲ ಹೆಚ್ಚಿತು.

ಅಧ್ಯಾಪಕರು: ವ್ಯಾಖ್ಯಾಪ್ರಜ್ಞಪ್ತಿ ಎಂಬ ಐದನೆಯ ಅಂಗಗ್ರಂಥವನ್ನು ಗೌರವದಿಂದ ಭಗವತೀಸೂತ್ರವೆಂದು ಕರೆಯುತ್ತಾರೆ. ಅದರಲ್ಲಿ ರೋಹನೆಂಬ ಮುನಿ ಮಹಾವೀರನ ಬಳಿಗೆ ಬಂದು ಲೋಕ ಮೊದಲೋ ಅಲೋಕ ಮೊದಲೋ, ಜೀವ ಮೊದಲೋ ಅಜೀವ ಮೊದಲೋ ಎಂದು ಒಂದೊಂದಾಗಿ ಕೇಳುತ್ತ, ಅಂಡ ಮೊದಲೋ ಕೋಳಿ ಮೊದಲೋ ಎಂಬಲ್ಲಿಗೆ ಬರುತ್ತಾನೆ. ಮಹಾವೀರನು ಕೂಡಲೇ ಉತ್ತರ ಕೊಡದೆ, ಅಂಡ ಎಲ್ಲಿಂದ ಬಂತು, ಕೋಳಿ ಎಲ್ಲಿಂದ ಬಂತು ಎಂದು ರೋಹನನ್ನೇ ಕೇಳಿ, ಅವನ ಬಾಯಿಂದಲೇ ಎರಡೂ ಉತ್ತರಗಳನ್ನು ಹೊರಡಿಸುತ್ತಾನೆ. ಆಮೇಲೆ, ಹಾಗಿದ್ದರೆ ಎರಡೂ ಮೊದಲಿನವು, ಎರಡೂ ಆಮೇಲಿನವು, ಇವು ಶಾಶ್ವತ ಭಾವಗಳು, ಇವುಗಳ ನಡುವೆ ಆನುಪೂರ್ವಿಯಿಲ್ಲ ಎಂದು ತಿಳಿಸುತ್ತಾನೆ. ಆನುಪೂರ್ವಿ ಎಂದರೆ ಒಂದರ ನಂತರ ಒಂದು ಎಂಬ ಕ್ರಮ. ಈ ಗ್ರಂಥವನ್ನು ಉಳಿಸಿಕೊಂಡು ಬಂದವರು ಶ್ವೇತಾಂಬರರು. ಬೆಳಗಾವಿ ಸೀಮೆಯಲ್ಲಿ ಹೆಚ್ಚಿಗೆ ಇರುವ ದಿಗಂಬರರು ಮೂಲ ಅಂಗಗಳು ನಷ್ಟವಾದವೆಂದು ನಂಬುವವರು. ಆದರೂ ಕಾಲ ಅನಾದಿ ಎಂಬಲ್ಲಿ ಇಬ್ಬರದೂ ಒಂದೇ ಮತ. ಬೆಳಗಾವಿ ಕೋಟೆಯ ಕಮಲ ಬಸದಿಯನ್ನು, ರಟ್ಟರ ಅರಸು ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜನು 1204ರಲ್ಲಿ ಕಟ್ಟಿಸಿದ್ದನ್ನು, ಒಳಗೆ ಹೋಗಿ ತಲೆಯೆತ್ತಿ ನೋಡಬೇಕು. ಛಾವಣಿಯಿಂದ ಇಳಿಬಿದ್ದ ಕಲ್ಲಿನ ಕಮಲದಲ್ಲಿ 72 ದಳಗಳಿವೆ: ಹಿಂದಿನ ಕಾಲದ 24, ಇಂದಿನ ಕಾಲದ 24, ಮುಂದಿನ ಕಾಲದ 24 ತೀರ್ಥಂಕರರಿಗೆ ಒಂದೊಂದು. ದುಂಡಗಿನ ಹೂವಿನಲ್ಲಿ ಮೊದಲನೆಯ ದಳ ಯಾವುದು ಎಂದು ತೋರಿಸುವ ಗುರುತಿಲ್ಲ.

ವೈದ್ಯೆ: ಉತ್ತರ ಸೊಗಸಾಗಿದೆ. ಆದರೆ ಅದು ಕೋಳಿಯೂ ತತ್ತಿಯೂ ಈಗಿರುವಂತೆಯೇ ಎಂದೆಂದಿಗೂ ಇದ್ದವು ಎಂಬುದನ್ನು ಒಪ್ಪಿಕೊಂಡ ಮೇಲೆ ಕೊಟ್ಟ ಉತ್ತರ. ಪ್ರಕೃತಿಯಲ್ಲಿ ನಡೆದದ್ದು ಹಾಗಲ್ಲ. ನೆಲದ ಮೇಲೆ ಇಡಬಲ್ಲ, ಒಳಗೆ ನೀರನ್ನು ಹಿಡಿದಿಟ್ಟುಕೊಳ್ಳುವ ಪೊರೆಗಳುಳ್ಳ ತತ್ತಿ ಸರೀಸೃಪಗಳ ಪೂರ್ವಜರಲ್ಲಿ ಕಾಣಿಸಿಕೊಂಡು 31 ಕೋಟಿ ವರ್ಷಗಳೇ ಆದವು. ನೀರಿನಲ್ಲಿ ಮೀನು ಇಡುವ ತತ್ತಿ ಅದಕ್ಕಿಂತ ಎಷ್ಟೋ ಹಳೆಯದು. ಮನುಷ್ಯರೊಂದಿಗೆ ಬಾಳುವ ಕೋಳಿಗಾದರೋ ಕೆಲವೇ ಸಾವಿರ ವರ್ಷಗಳ ಇತಿಹಾಸ. ಥಾಯ್ಲೆಂಡಿನ ಬಾನ್ ನೋನ್ ವಾಟ್ ಎಂಬಲ್ಲಿ ಸಿಕ್ಕ, ಕ್ರಿಸ್ತಪೂರ್ವ 1650ರಿಂದ 1250ರ ನಡುವಿನ ಮೂಳೆಗಳು ಖಚಿತವಾಗಿ ಸಾಕುಕೋಳಿಯವೆನ್ನಬಹುದಾದವುಗಳಲ್ಲಿ ಬಹಳ ಹಳೆಯವೆಂದು 2022ರಲ್ಲಿ ವಿದ್ವಾಂಸರು ತೋರಿಸಿದರು. ಭತ್ತ ಮತ್ತು ಕಿರುಧಾನ್ಯಗಳ ಹೊಲಗಳಿಗೆ ಕಾಳು ಹೆಕ್ಕಲು ಬಂದ ಕೆಂಪು ಕಾಡುಕೋಳಿ ಊರಿನ ಅಂಚಿನಲ್ಲೇ ನೆಲೆಸಿ, ಕ್ರಮೇಣ ಮನೆಯದಾಯಿತೆಂಬುದು ಅವರ ವಿವರಣೆ. ಸುಮ್ಮನೆ ತತ್ತಿ ಎಂದಷ್ಟೇ ಕೇಳಿದರೆ ತತ್ತಿಯೇ ಮೊದಲು, ಅದರಲ್ಲಿ ವಾದವೇ ಇಲ್ಲ.

ಅಧ್ಯಾಪಕರು: ಕೇಳಿದವರು ಆಮೆಯ ತತ್ತಿಯನ್ನು ಕೇಳಲಿಲ್ಲ, ಕೋಳಿಯ ತತ್ತಿಯನ್ನು ಕೇಳಿದರು.

ವೈದ್ಯೆ: ಹಾಗಾದರೆ ಕೋಳಿಯ ತತ್ತಿ ಎಂಬುದಕ್ಕೆ ಲಕ್ಷಣ ಹೇಳಬೇಕಾಗುತ್ತದೆ. ಕೋಳಿ ಇಟ್ಟದ್ದು ಕೋಳಿಯ ತತ್ತಿಯೋ, ಕೋಳಿ ಹೊರಬರುವುದು ಕೋಳಿಯ ತತ್ತಿಯೋ? ಮೊದಲನೆಯದನ್ನು ಹಿಡಿದರೆ ಕೋಳಿಯೇ ಮೊದಲು; ಎರಡನೆಯದನ್ನು ಹಿಡಿದರೆ ತತ್ತಿಯೇ ಮೊದಲು. ಇದು ಬರಿಯ ಊಹೆಯಲ್ಲ, ಕರ್ನಾಟಕದಲ್ಲಿಯೇ ಕಣ್ಣಮುಂದೆ ನಡೆದ ಸಂಗತಿಯಿದೆ. ಬೆಂಗಳೂರಿನ ಹೆಬ್ಬಾಳದ ಕೋಳಿ ವಿಜ್ಞಾನ ವಿಭಾಗದವರು ಬೇರೆ ಬೇರೆ ತಳಿಗಳನ್ನು ಅಡ್ಡಹಾಯಿಸಿ ಹಿತ್ತಿಲಲ್ಲಿ ಸಾಕಲು ಒಗ್ಗುವ ಗಿರಿರಾಜ ಎಂಬ ಬಣ್ಣದ ಕೋಳಿಯನ್ನು ರೂಪಿಸಿದರು. ಅದರ ನಂತರ 2005ರಲ್ಲಿ ಸ್ವರ್ಣಧಾರ ಬಂತು. ಮೊಟ್ಟಮೊದಲ ಗಿರಿರಾಜ ಮರಿ ಹೊರಬಂದ ತತ್ತಿಯನ್ನು ಇಟ್ಟದ್ದು ಗಿರಿರಾಜ ಹೇಂಟೆಯಲ್ಲ, ಗಿರಿರಾಜ ಎಂಬ ತಳಿಯೇ ಆಗ ಇರಲಿಲ್ಲ. ತಂದೆಯ ಅಂಶ ತಾಯಿಯ ಅಂಶದೊಂದಿಗೆ ಬೆರೆತದ್ದು ತತ್ತಿಯೊಳಗೆ. ಹೊಸ ತಳಿ ಮೊದಲು ರೂಪುಗೊಂಡದ್ದು ಅಲ್ಲಿಯೇ. ಆದುದರಿಂದ ಹೊಸದೇನಾದರೂ ಹುಟ್ಟುವುದಿದ್ದರೆ ಅದು ತತ್ತಿಯಲ್ಲಿ ಮೊದಲು ಹುಟ್ಟುತ್ತದೆ, ಕೋಳಿಯಲ್ಲಿ ಆಮೇಲೆ ಕಾಣುತ್ತದೆ ಎನ್ನಬೇಕು.

ಅಧ್ಯಾಪಕರು: ಯುಕ್ತಿ ಬಲವಾಗಿದೆ. ಆದರೆ ಮಗುವಿನಿಂದ ತಾಯಿಯನ್ನು ಹೆಸರಿಸಿದ ಹಾಗೆ, ಮುಂದೆ ಆಗಲಿರುವುದರಿಂದ ಈಗ ಇರುವುದಕ್ಕೆ ಹೆಸರಿಡುವುದು ಎಷ್ಟು ಸರಿ? ಹಿಂಡಲಗಾದ ಯಾವುದೇ ಕಿರಾಣಿ ಅಂಗಡಿಯಲ್ಲಿ ಮೂವತ್ತರ ಟ್ರೇನಲ್ಲಿ ಬರುವ ಬಿಳಿ ತತ್ತಿಗಳಿವೆ. ಅವುಗಳಿಂದ ಎಂದಿಗೂ ಯಾವ ಮರಿಯೂ ಹೊರಬರುವುದಿಲ್ಲ. ಅವನ್ನು ಕೋಳಿಯ ತತ್ತಿ ಎನ್ನುವುದು ಬೇಡವೇ?

ಈ ಆಕ್ಷೇಪ ವೈದ್ಯೆಗೆ ಒಪ್ಪಿತವಾಯಿತು. ಫಾರ್ಮಿನ ಪಂಜರಗಳಲ್ಲಿ ಹೇಂಟೆಗಳ ಜೊತೆ ಹುಂಜಗಳನ್ನು ಇಡುವುದಿಲ್ಲವಾದ್ದರಿಂದ ಅಲ್ಲಿಯ ತತ್ತಿಗಳು ಫಲಿತವಾಗಿರುವುದಿಲ್ಲ. ಅವುಗಳಿಗೆ ತಾಯಿಯಿದ್ದಾಳೆ, ಸಂತಾನವಿಲ್ಲ. ಅಂಗಡಿಯ ತತ್ತಿಯನ್ನು ಹಿಡಿದು ಕೇಳಿದರೆ ಕೋಳಿಯೇ ಮೊದಲು ಎಂಬ ಉತ್ತರ ನಿಶ್ಚಯವಾಗಿ ನಿಲ್ಲುತ್ತದೆ. ಅಂಗಳದ ಜವಾರಿ ತತ್ತಿಯ ಸಂಗತಿ ಬೇರೆ. ಇವೆರಡರ ವ್ಯತ್ಯಾಸವನ್ನು ಬಾಯಿಮಾತಿನಲ್ಲಿ ಹೇಳುವುದಕ್ಕಿಂತ ಒಡೆದು ತೋರಿಸುವುದೇ ಲೇಸೆಂದು ಒಂದು ಫಾರ್ಮ್ ತತ್ತಿಯನ್ನೂ ಒಂದು ಜವಾರಿ ತತ್ತಿಯನ್ನೂ ಎರಡು ಚಪ್ಪಟೆ ತಾಟುಗಳಲ್ಲಿ ಒಡೆಯಲಾಯಿತು. ಎರಡರಲ್ಲಿಯೂ ಹಳದಿ ಭಂಡಾರವನ್ನು ನಡುವೆ ಹಿಡಿದಿಟ್ಟಿದ್ದ ಬಿಳಿಯ ತಿರುಚಿದ ಎಳೆಗಳು ಇಬ್ಬದಿಗೆ ಬಿದ್ದಿದ್ದವು, ಎರಡರಲ್ಲಿಯೂ ಹಳದಿಯ ಮೇಲೆ ಒಂದು ಮಸುಕು ಬಿಳಿ ಚುಕ್ಕೆಯಿತ್ತು. ಫಾರ್ಮ್ ತತ್ತಿಯ ಚುಕ್ಕೆ ಸಣ್ಣದು, ಗಟ್ಟಿಯಾಗಿ ಬೆಳ್ಳಗಿದ್ದು ಅಂಚು ಒರಟಾಗಿತ್ತು. ಜವಾರಿ ತತ್ತಿಯ ಚುಕ್ಕೆ ಅದಕ್ಕಿಂತ ತುಸು ಅಗಲ, ನಡುವೆ ತಿಳಿಯಾಗಿ ಸುತ್ತ ಬಿಳಿಯ ಉಂಗುರ ಬಿಟ್ಟಂತೆ ದುಂಡಗಿತ್ತು.

ವೈದ್ಯೆ: ಈ ಉಂಗುರವನ್ನು ನೋಡಿ, ಗುರುಗಳೇ. ಪ್ರಶ್ನೆ ಕೇಳುವವರು ತತ್ತಿ ಎಂದರೆ ಇನ್ನೂ ಪ್ರಾರಂಭವಾಗದ ಜೀವವೆಂದು ಭಾವಿಸಿರುತ್ತಾರೆ. ಹಾಗಿಲ್ಲ. ಹಳದಿ ಭಂಡಾರ ಅಂಡಾಶಯದಿಂದ ಬಿಡುಗಡೆಯಾಗಿ ಅಂಡನಾಳದ ಬಾಯಿಗೆ ಬಿದ್ದ ಕೂಡಲೇ, ಅರ್ಧ ತಾಸಿನೊಳಗೇ, ಹುಂಜದ ವೀರ್ಯಾಣುವಿನೊಡನೆ ಕೂಡುತ್ತದೆ. ಬಿಳಿ ಲೋಳೆ ಸುತ್ತಿಕೊಳ್ಳುವುದು ಆಮೇಲೆ, ಸುಮಾರು ಮೂರು ತಾಸಿನಲ್ಲಿ. ಎರಡು ಪೊರೆಗಳು ಅದರ ನಂತರ. ಕೊನೆಗೆ ಚಿಪ್ಪು ಕಟ್ಟುವ ಭಾಗದಲ್ಲಿ ಅದು ಸುಮಾರು 20 ತಾಸು ನಿಲ್ಲುತ್ತದೆ. ಈ ಹೊತ್ತಿನಲ್ಲೆಲ್ಲ ಒಳಗಿನ ಜೀವಕೋಶ ಎರಡಾಗಿ ನಾಲ್ಕಾಗಿ ಒಡೆಯುತ್ತಲೇ ಇರುತ್ತದೆ. ಹೇಂಟೆ ತತ್ತಿಯನ್ನು ಬುಟ್ಟಿಯಲ್ಲಿ ಇಡುವ ಹೊತ್ತಿಗೆ ಆ ಚುಕ್ಕೆಯಲ್ಲಿ 40ರಿಂದ 60 ಸಾವಿರ ಕೋಶಗಳು ಆಗಿರುತ್ತವೆ. ಹೊರಗಿನ ತಂಪಿಗೆ ಆ ಕೆಲಸ ನಿಲ್ಲುತ್ತದೆ. ಹೇಂಟೆ ಕಾವಿಗೆ ಕುಳಿತಾಗ ಮತ್ತೆ ಮುಂದುವರಿದು 21ನೆಯ ದಿನ ಮರಿ ಚಿಪ್ಪನ್ನು ಕುಕ್ಕುತ್ತದೆ. ಹೀಗಿರುವಾಗ ಚಿಪ್ಪು ಕಟ್ಟುವುದಕ್ಕೆ ಮೊದಲೇ ಮರಿಯ ಬದುಕು ಆರಂಭವಾಗಿರುತ್ತದೆ. ಮರಿ ಮೊದಲೋ ತತ್ತಿ ಮೊದಲೋ ಎಂದರೆ, ಈ ಒಂದು ತತ್ತಿಯ ಮಟ್ಟಿಗೆ, ಮರಿಯ ಬೀಜ ಮೊದಲು, ಅದರ ಚಿಪ್ಪು ಆಮೇಲೆ.

ಅಧ್ಯಾಪಕರು: ಚಿಪ್ಪಿನ ಮಾತು ಬಂತು. ಕೋಳಿಯೇ ಮೊದಲೆಂದು ವಿಜ್ಞಾನಿಗಳು ಸಾಧಿಸಿದರೆಂದು ಕೆಲವು ವರ್ಷಗಳ ಹಿಂದೆ ಪತ್ರಿಕೆಗಳಲ್ಲಿ ಬಂದಿತ್ತಲ್ಲ?

ವೈದ್ಯೆ: 2010ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ಮತ್ತು ವಾರಿಕ್ ವಿಶ್ವವಿದ್ಯಾಲಯಗಳ ತಂಡವು ಓವೋಕ್ಲೀಡಿನ್-17 ಎಂಬ ಪ್ರೋಟೀನು ಸುಣ್ಣದ ಹರಳುಗಳನ್ನು ಹೇಗೆ ಕೂಡಿಸುತ್ತದೆಂದು ಗಣಕಯಂತ್ರದಲ್ಲಿ ಲೆಕ್ಕ ಹಾಕಿ ತೋರಿಸಿತು. ಕೋಳಿಯ ಒಡಲಿನಲ್ಲಿ ಮಾತ್ರ ತಯಾರಾಗುವ ಪ್ರೋಟೀನಿಲ್ಲದೆ ಕೋಳಿಯ ಚಿಪ್ಪು ಇಷ್ಟು ಬೇಗ ಕಟ್ಟುವುದಿಲ್ಲವಾದ್ದರಿಂದ ಕೋಳಿಯೇ ಮೊದಲು ಎಂದು ಪತ್ರಿಕೆಗಳು ತೀರ್ಪು ಬರೆದವು. ಆ ಕೆಲಸ ಚೆನ್ನಾಗಿದೆ, ತೀರ್ಪು ಮಾತ್ರ ನಿಲ್ಲುವುದಿಲ್ಲ. ಹೆಬ್ಬಾತಿನ ಚಿಪ್ಪಿನಲ್ಲಿ ಅನ್ಸೋಕ್ಯಾಲ್ಸಿನ್, ಉಷ್ಟ್ರಪಕ್ಷಿಯ ಚಿಪ್ಪಿನಲ್ಲಿ ಸ್ಟ್ರೂಥಿಯೋಕ್ಯಾಲ್ಸಿನ್ ಎಂಬ ಹತ್ತಿರದ ಬಂಧುಗಳಿವೆ. ಅಂಥ ಪ್ರೋಟೀನುಗಳು ಕೋಳಿ ಎಂಬುದು ಆಗುವ ಎಷ್ಟೋ ಮೊದಲಿನಿಂದ ಪಕ್ಷಿಗಳಲ್ಲಿದ್ದು, ಕೋಳಿಗೆ ಬಂದದ್ದು ಅವುಗಳ ಒಂದು ಕವಲು.

ಅಧ್ಯಾಪಕರು: ಅಲ್ಲಿಗೆ ಒಂದು ಸಂದೇಹ ಉಳಿಯುತ್ತದೆ. ಗಿರಿರಾಜಕ್ಕೆ ಮೊದಲ ಮರಿ ಇತ್ತು, ಏಕೆಂದರೆ ಜನರು ಒಂದು ದಿನ ಎರಡು ತಳಿಗಳನ್ನು ಬೇಕೆಂದೇ ಕೂಡಿಸಿದರು. ಕಾಡುಕೋಳಿ ಸಾಕುಕೋಳಿಯಾದಾಗಲೂ ಅಂಥ ಒಂದು ಮೊದಲ ತತ್ತಿ ಇತ್ತೇ?

ವೈದ್ಯೆ: ಇರಲಿಲ್ಲ. ಪ್ರತಿಯೊಂದು ಮರಿಯೂ ತನ್ನ ತಾಯಿಯ ಕುಲದ್ದೇ ಆಗಿತ್ತು. ತಾಯಿಗೂ ಮರಿಗೂ ನಡುವೆ ಗೆರೆ ಎಳೆಯುವಷ್ಟು ವ್ಯತ್ಯಾಸ ಯಾವ ಪೀಳಿಗೆಯಲ್ಲಿಯೂ ಬರಲಿಲ್ಲ. ಬದಲಾದದ್ದು ಒಂದು ಹಕ್ಕಿಯಲ್ಲ, ಇಡೀ ಹಿಂಡು. ಅದರಲ್ಲಿ ಯಾವ ಗುಣ ಎಷ್ಟು ಹಕ್ಕಿಗಳಲ್ಲಿದೆ ಎಂಬ ಪ್ರಮಾಣ ಸಾವಿರಾರು ಪೀಳಿಗೆಗಳಲ್ಲಿ ಮೆಲ್ಲಮೆಲ್ಲನೆ ಸರಿಯಿತು. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುತ್ತದೆಂದು ಹೇಳಿ ಜನರು ಅಲ್ಲಿಯ ತೀರ್ಥಕ್ಕೆ ಕೈಮುಗಿಯುತ್ತಾರೆ. ಕೈಮುಗಿಯಲು ಒಂದು ತಾಣ ಬೇಕು, ಅದು ತಪ್ಪಲ್ಲ. ಆದರೆ ಮಳೆಗಾಲದಲ್ಲಿ ಆ ಗುಡ್ಡಗಳ ಮೇಲೆ ನಿಂತವರಿಗೆ, ನೀರು ನೂರಾರು ಇಳಿಜಾರುಗಳಿಂದ ಒಟ್ಟಿಗೆ ಜಿನುಗಿ ಹೊಳೆಯಾಗುವುದು ಕಣ್ಣಿಗೆ ಕಾಣುತ್ತದೆ. ಕೋಳಿಯ ಹುಟ್ಟೂ ಹಾಗೆಯೇ, ಅದಕ್ಕೆ ಒಂದು ತಾಣವಿಲ್ಲ.

ಅಧ್ಯಾಪಕರು: ಹೊಳೆಗೆ ಹಳ್ಳಗಳು ನಡುವೆಯೂ ಬಂದು ಕೂಡುತ್ತವೆ.

ವೈದ್ಯೆ: ಕೋಳಿಗೂ ಕೂಡಿತು, ಗುರುಗಳೇ, ಅದೂ ಈ ಸೀಮೆಯ ಕಾಡಿನ ಹಳ್ಳ! ಡಾರ್ವಿನ್ 1868ರಲ್ಲಿ ಬರೆಯುವಾಗ ಎಲ್ಲ ಸಾಕುಕೋಳಿಗಳಿಗೂ ಕೆಂಪು ಕಾಡುಕೋಳಿ ಒಂದೇ ಮೂಲವೆಂದು ತೀರ್ಮಾನಿಸಿದ್ದ. ಅದು ಬಹುಪಾಲು ನಿಜ. ಆದರೆ ಕೆಂಪು ಕಾಡುಕೋಳಿಯ ಚರ್ಮ ಬಿಳಿ. ಊರಿನ ಎಷ್ಟೋ ಕೋಳಿಗಳ ಚರ್ಮವೂ ಕಾಲೂ ಹಳದಿ. ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ತಂಡ 2008ರಲ್ಲಿ ಈ ಹಳದಿಯ ಬೆನ್ನು ಹತ್ತಿತು. ಮೇವಿನೊಂದಿಗೆ ಒಡಲಿಗೆ ಬರುವ ಕ್ಯಾರೊಟಿನಾಯ್ಡ್ ಎಂಬ ಹಳದಿ ಬಣ್ಣದ ಪದಾರ್ಥವನ್ನು ಒಡೆದುಹಾಕುವ ಕಿಣ್ವವೊಂದಿದೆ. ಕಿಣ್ವವೆಂದರೆ ದೇಹದ ರಾಸಾಯನಿಕ ಕ್ರಿಯೆಗಳನ್ನು ನಡೆಸುವ ಪ್ರೋಟೀನು. ಅದನ್ನು ಮಾಡಿಸುವ ಬಿಸಿಡಿಒ2 ಎಂಬ ಜೀನ್ ಹಳದಿ ಕೋಳಿಗಳ ಚರ್ಮದಲ್ಲಿ ಮಾತ್ರ ಮಂದವಾಗಿ ಕೆಲಸ ಮಾಡುವುದರಿಂದ ಬಣ್ಣ ಒಡೆಯದೆ ಅಲ್ಲಿಯೇ ಸೇರಿಕೊಳ್ಳುತ್ತದೆ. ಆ ಜೀನಿನ ಈ ರೂಪ ಕೆಂಪು ಕಾಡುಕೋಳಿಯಿಂದ ಬಂದದ್ದಲ್ಲ. ಬೂದು ಕಾಡುಕೋಳಿಯ ಜೀನಿಗೆ ಅದು ತೀರ ಹತ್ತಿರ. ಬೂದು ಕಾಡುಕೋಳಿ ಇರುವುದಾದರೋ ಭಾರತದ ಪರ್ಯಾಯ ದ್ವೀಪದಲ್ಲಿ ಮಾತ್ರ. ಎಂದೋ ಒಮ್ಮೆ ಈ ಕಾಡಿನ ಕುಲದ ಹಕ್ಕಿ ಊರಿನ ಕೋಳಿಯೊಂದಿಗೆ ಕೂಡಿ, ಆ ಸಂತಾನ ಮತ್ತೆ ಮತ್ತೆ ಊರಿನ ಕೋಳಿಗಳೊಂದಿಗೇ ಬೆರೆತು, ಉಳಿದ ಕಾಡಿನ ಗುಣಗಳು ಕರಗಿದರೂ ಕಾಲಿನ ಹಳದಿ ಉಳಿದು ಲೋಕವನ್ನೆಲ್ಲ ಹಬ್ಬಿತು.

ಈ ಮಾತು ಮುಗಿದಾಗ ಅಧ್ಯಾಪಕರು ಸುಮ್ಮನಿದ್ದು ವಿಚಾರ ಮಾಡಿದ್ದು ಸಹಜವೇ ಆಗಿತ್ತು. ಕೋಳಿ ಮೊದಲೋ ತತ್ತಿ ಮೊದಲೋ ಎಂಬ ಪ್ರಶ್ನೆ ಒಂದೇ ಸಾಲನ್ನು ಕಲ್ಪಿಸಿಕೊಳ್ಳುತ್ತದೆ: ಒಂದು ಕೋಳಿ, ಅದರ ಹಿಂದೆ ಒಂದು ತತ್ತಿ, ಅದರ ಹಿಂದೆ ಒಂದು ಕೋಳಿ. ಬೀಜಾಂಕುರ ನ್ಯಾಯವನ್ನು ಒಪ್ಪಿದವರೂ ಒಪ್ಪದವರೂ ಈ ಕಲ್ಪನೆಯನ್ನು ಪ್ರಶ್ನಿಸಲಿಲ್ಲ. ಪ್ರತಿಯೊಂದು ತತ್ತಿಗೆ ತಂದೆ ತಾಯಿ ಇಬ್ಬರು, ಅವರಿಗೆ ನಾಲ್ವರು, ಹೀಗೆ ಹಿಂದೆ ಹೋದಷ್ಟೂ ಸಾಲು ಕವಲೊಡೆಯುತ್ತ ಹೋಗುತ್ತದೆ. ಒಮ್ಮೊಮ್ಮೆ ಒಂದು ಕವಲು ಬೇರೊಂದು ಜಾತಿಯ ಕಾಡುಹಕ್ಕಿಯನ್ನೇ ಮುಟ್ಟುತ್ತದೆ. ಸಾಲಿನ ತುದಿಯನ್ನು ಹುಡುಕಬಹುದು, ಬಲೆಯ ತುದಿಯನ್ನು ಹುಡುಕುವುದಕ್ಕೆ ಅರ್ಥವಿಲ್ಲ. ಪ್ರಶ್ನೆಯಲ್ಲಿದ್ದ ನಿಜವಾದ ತೊಡಕು ಇಲ್ಲಿದೆಯೇ ಹೊರತು ಕಾರ್ಯಕಾರಣಗಳ ವರ್ತುಲದಲ್ಲಿ ಅಲ್ಲವೆಂಬುದು ಈ ಸಂವಾದದಿಂದ ಸ್ಪಷ್ಟವಾಗುತ್ತದೆ.

ಅಧ್ಯಾಪಕರು: ಹಾಗಿದ್ದರೂ ಮಹಾವೀರನ ಉತ್ತರವನ್ನು ಪೂರ್ತಿ ಕೈಬಿಡಲು ಮನಸ್ಸು ಬರುವುದಿಲ್ಲ. ಎರಡು ಪಂಥದವರೂ ಒಪ್ಪುವ ತತ್ತ್ವಾರ್ಥಸೂತ್ರದ ಪ್ರಕಾರ ಇರುವುದೆಲ್ಲಕ್ಕೂ ಮೂರು ಲಕ್ಷಣ: ಉತ್ಪಾದ ಎಂದರೆ ಹೊಸ ರೂಪ ಹುಟ್ಟುವುದು, ವ್ಯಯ ಎಂದರೆ ಹಳೆಯ ರೂಪ ಅಳಿಯುವುದು, ಧ್ರೌವ್ಯ ಎಂದರೆ ಇವೆರಡರ ನಡುವೆಯೂ ಯಾವುದೋ ಒಂದು ತಪ್ಪದೆ ಉಳಿದು ಬರುವುದು. ಕೋಳಿಯೂ ಚಿಪ್ಪೂ ಹುಟ್ಟಿ ಅಳಿಯುತ್ತವೆ. ಉಳಿದು ಬರುವುದು ಏನಾದರೂ ಇದೆಯೇ?

ವೈದ್ಯೆ: ಇದೆ. ಕಾವಿಗೆ ಇಟ್ಟ ತತ್ತಿಯೊಳಗೆ ಮರಿಯ ಕಣ್ಣು ರೆಕ್ಕೆಗಳು ಇನ್ನೂ ಮೂಡದಿರುವಾಗಲೇ, ಮುಂದೆ ಆ ಮರಿ ದೊಡ್ಡದಾಗಿ ಇಡಲಿರುವ ತತ್ತಿಗಳ ಮೂಲಕೋಶಗಳು ಬೇರೆಯಾಗಿ ನಿಲ್ಲುತ್ತವೆ. ಮೂರನೆಯ ದಿನದ ಹೊತ್ತಿಗೆ ಅವು ರಕ್ತದೊಂದಿಗೆ ಹರಿದುಹೋಗಿ, ಅಂಡಾಶಯವೋ ವೃಷಣವೋ ಆಗಲಿರುವ ಜಾಗವನ್ನು ಸೇರುತ್ತವೆ. ಹೇಂಟೆಯ ಬುಟ್ಟಿಯಲ್ಲಿ ಮೂರು ದಿನ ಕಾವು ಪಡೆದ ಒಂದು ತತ್ತಿಯಲ್ಲಿ ಮರಿಯೂ ಇದೆ, ಆ ಮರಿಯ ಮುಂದಿನ ತತ್ತಿಗಳೂ ಇವೆ. ಜರ್ಮನಿಯ ಆಗಸ್ಟ್ ವೈಸ್‌ಮನ್ 1892ರ ತನ್ನ ಗ್ರಂಥದಲ್ಲಿ ಪ್ರತಿಪಾದಿಸಿದ್ದೂ ಇದೇ: ಬೀಜಕೋಶಗಳದು ಪೀಳಿಗೆಯಿಂದ ಪೀಳಿಗೆಗೆ ಎಲ್ಲಿಯೂ ಕಡಿಯದ ಧಾರೆ, ದೇಹವು ಅದರಿಂದ ಪ್ರತಿ ಪೀಳಿಗೆಯಲ್ಲಿಯೂ ಒಡೆದು ಮುಗಿದುಹೋಗುವ ಕವಲು. ಇಂದು ಮೇಯುತ್ತಿರುವ ಯಾವ ಕೋಳಿಯನ್ನು ತೆಗೆದುಕೊಂಡರೂ ಅದರ ಹಿಂದಿನ ಕೋಶಗಳ ಸಾಲು ಒಮ್ಮೆಯೂ ಸತ್ತಿಲ್ಲ. ಆ ಧಾರೆಯ ಮೇಲೆ ನಿಂತು ನೋಡಿದರೆ ರೋಹನಿಗೆ ಸಿಕ್ಕ ಉತ್ತರ ಬಹಳ ದೂರದವರೆಗೆ ನಿಜ. ಶಾಶ್ವತ ಎಂಬ ಮಾತನ್ನು ಮಾತ್ರ ಒಪ್ಪುವಂತಿಲ್ಲ, ಏಕೆಂದರೆ ಭೂಮಿಯ ಮೇಲೆ ಜೀವಕ್ಕೇ ಒಂದು ಆರಂಭವಿದೆ. 350 ಕೋಟಿ ವರ್ಷಗಳಷ್ಟು ಹಳೆಯ ಕಲ್ಲುಗಳಲ್ಲಿ ಅದರ ಗುರುತು ಸಿಕ್ಕಿದೆ. ಆ ಆರಂಭದಲ್ಲಿ ಕೋಳಿಯೂ ಇರಲಿಲ್ಲ, ತತ್ತಿಯೂ ಇರಲಿಲ್ಲ.

ಅಧ್ಯಾಪಕರು: ಅನಾದಿಯಲ್ಲ, ಆದರೆ ಅವಿಚ್ಛಿನ್ನ. ಇಷ್ಟನ್ನು ಒಪ್ಪಬಹುದು. ಮಾಂಡೂಕ್ಯಕಾರಿಕೆಯ ಭಾಷ್ಯದ ಆಕ್ಷೇಪಕ್ಕೂ ಇದರಲ್ಲಿ ಸ್ವಲ್ಪ ಸಮಾಧಾನವಿದೆ: ಸಾಲಿಗೆ ಬಿಡಿ ಸದಸ್ಯರನ್ನು ಬಿಟ್ಟು ಬೇರೆ ಅಸ್ತಿತ್ವವಿಲ್ಲವೆಂದು ಅದು ಹೇಳಿತು, ಇಲ್ಲಿಯಾದರೋ ಒಂದು ಕೋಶ ಒಡೆದೇ ಮುಂದಿನ ಕೋಶವಾಗುವುದರಿಂದ ಸಾಲೆಂಬುದು ಬುದ್ಧಿಯ ಕಲ್ಪನೆ ಮಾತ್ರವಲ್ಲ.

ವೈದ್ಯೆ: ಅವಿಚ್ಛಿನ್ನವಾಗಿ ಬಂದದ್ದು ಇನ್ನು ಮುಂದೆಯೂ ಹಾಗೆಯೇ ಬರುತ್ತದೆ ಎಂಬ ಭರವಸೆ ಇಲ್ಲ, ಹಳ್ಳಿಗಳಲ್ಲಿ ಕಾಣುತ್ತಿರುವ ಸಂಗತಿ ಅದೇ. ವರ್ಷಕ್ಕೆ 300ಕ್ಕೆ ಮೇಲ್ಪಟ್ಟು ತತ್ತಿ ಇಡುವ ಬಿಳಿ ಲೆಗಾರ್ನ್ ವಂಶದ ಹೇಂಟೆಗಳಲ್ಲಿ ಕಾವಿಗೆ ಕೂರುವ ಗುಣವನ್ನು ಆಯ್ದು ಆಯ್ದು ತೆಗೆದುಹಾಕಿದ್ದಾರೆ. ಕಾವಿಗೆ ಕುಳಿತ ಹೇಂಟೆ ತತ್ತಿ ಇಡುವುದನ್ನು ನಿಲ್ಲಿಸುತ್ತದೆ, ಫಾರ್ಮಿನವರಿಗೆ ಅದು ನಷ್ಟ. ಹೀಗಾಗಿ ಆ ಕೋಳಿಗೂ ಅದರ ಮುಂದಿನ ಕೋಳಿಗೂ ನಡುವೆ ಈಗ ಹ್ಯಾಚರಿಯ ಯಂತ್ರ ಬಂದು ನಿಂತಿದೆ. ವಿದ್ಯುತ್ತು ಮತ್ತು ಮನುಷ್ಯರಿಲ್ಲದೆ ಆ ವಂಶ ಒಂದು ಪೀಳಿಗೆಯನ್ನೂ ದಾಟಲಾರದು. ತತ್ತಿಯಿಂದ ಕೋಳಿ, ಕೋಳಿಯಿಂದ ತತ್ತಿ ಎಂಬ ಹಳೆಯ ಮಾತು ಇಂದಿಗೂ ಅಕ್ಷರಶಃ ನಿಜವಾಗಿರುವುದು ಜವಾರಿ ಕೋಳಿಯಲ್ಲಿ. ಅದು ತಾನೇ ಮೂಲೆ ಹುಡುಕಿಕೊಂಡು, ಹೊಟ್ಟಿನ ಬುಟ್ಟಿಯಲ್ಲಿ ಕುಳಿತು, ದಿನಕ್ಕೊಮ್ಮೆ ಮೇಯಲು ಎದ್ದು, ತತ್ತಿಗಳನ್ನು ಕೊಕ್ಕಿನಿಂದ ಹೊರಳಿಸುತ್ತ, ಮೂರು ವಾರ ಕಾಯುತ್ತದೆ. ಒಂದು ಕಾವಿನ ಹೇಂಟೆಯನ್ನು ನೆರೆಮನೆಯವರು ಕೇಳಿ ಪಡೆದು ತಮ್ಮ ತತ್ತಿಗಳನ್ನೂ ಅದರಡಿಗೆ ಇಡುವ ರೂಢಿ ಹಳ್ಳಿಗಳಲ್ಲಿದೆ. ಅದೂ ಉಳಿಯಬೇಕು.

ಅಧ್ಯಾಪಕರು: ಕಾಡಿನ ಹಕ್ಕಿಯ ಸ್ಥಿತಿ ಹೇಗಿದೆ?

ವೈದ್ಯೆ: 2011ರಲ್ಲಿ ಭೀಮಗಡ ವನ್ಯಜೀವಿಧಾಮ ಘೋಷಣೆಯಾದ ಮೇಲೆ ಖಾನಾಪುರದ ಆ ಕಾಡಿಗೆ ಕಾನೂನಿನ ಕಾವಲು ಬಂತು. ಬೂದು ಕಾಡುಕೋಳಿಯ ಹುಂಜನ ಕೊರಳ ಗರಿಗಳ ಮೇಲೆ ಅರಗು ತೊಟ್ಟಿಟ್ಟಂಥ ಹಳದಿ ಚುಕ್ಕೆಗಳಿರುತ್ತವೆ. ಮೀನುಗಾಳಕ್ಕೆ ಕಟ್ಟುವ ಕೃತಕ ಹುಳುಗಳಿಗೆಂದು ಆ ಗರಿಗಳು ಇಂಗ್ಲೆಂಡಿಗೆ ಸಾಗುತ್ತಿದ್ದ ಕಾಲವಿತ್ತು. ಆ ವ್ಯಾಪಾರ ನಿಂತಿದೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಈ ಹಕ್ಕಿಯನ್ನು ಹಿಡಿಯುವುದೂ ಕೊಲ್ಲುವುದೂ ಅಪರಾಧ. ಉರುಲು ಹಾಕುವುದು ಮಾತ್ರ ಪೂರ್ತಿ ನಿಂತಿಲ್ಲ. ಕಾಡುಕೋಳಿಯ ಹೇಂಟೆ ನೆಲದ ಮೇಲೆ ತರಗೆಲೆಗಳ ನಡುವೆ ಒಂದು ತಗ್ಗು ಮಾಡಿ ನಾಲ್ಕರಿಂದ ಏಳು ತತ್ತಿಗಳನ್ನಷ್ಟೇ ಇಡುತ್ತದೆ. ಒಂದು ಉರುಲಿಗೆ ಸಿಕ್ಕ ಹೇಂಟೆಯೊಂದಿಗೆ ಆ ಎಲ್ಲ ತತ್ತಿಗಳೂ ತಂಪಾಗಿಬಿಡುತ್ತವೆ. ಇನ್ನೊಂದು ಆತಂಕವೂ ಇದೆ. ಕಾಡಂಚಿನ ಹಳ್ಳಿಗಳಲ್ಲಿ ಬಿಟ್ಟು ಸಾಕಿದ ಊರಕೋಳಿಗಳಿಂದ ರೋಗಗಳು ಕಾಡುಕೋಳಿಗೆ ದಾಟಬಲ್ಲವು. ಕೊಕ್ಕರೆರೋಗಕ್ಕೆ, ಅಂದರೆ ರಾಣಿಖೇತಕ್ಕೆ, ಲಸಿಕೆ ಹಾಕಿಸುವುದರಿಂದ ಅಂಗಳದ ಕೋಳಿಯಷ್ಟೇ ಅಲ್ಲ, ಅದರ ಹಳದಿ ಕಾಲಿಗೆ ಮೂಲವಾದ ಕಾಡಿನ ಕುಲವೂ ಸುರಕ್ಷಿತವಾಗಿರುತ್ತದೆ. ಜಾಂಬೋಟಿಯ ಆಚೆಯ ಹಳ್ಳಿಗಳಲ್ಲಿ ಮಳೆಗಾಲಕ್ಕೆ ಮೊದಲೇ ಆ ಲಸಿಕೆಯ ಸುತ್ತು ಮುಗಿಯಬೇಕು, ಮಳೆ ಹಿಡಿದ ಮೇಲೆ ಆ ದಾರಿಗಳಲ್ಲಿ ಲಸಿಕೆಯನ್ನು ತಂಪಾಗಿಟ್ಟುಕೊಂಡು ಮನೆಮನೆಗೆ ಹೋಗುವುದು ಬಹಳ ಕಷ್ಟವಾಗುತ್ತದೆ.